ಉದ್ರಿ ಬಟನ್ ಎಲ್ಲಿಟ್ಟಿದ್ದೀರಿ?

ಊಟ ತರಿಸುವ ಆ್ಯಪ್ ತೆರೆದರೆ ಮೊದಲು ‘ಹಸಿವಾಗಿದೆಯಾ?’ ಎಂದು ಕೇಳಬೇಕಿತ್ತು. ಅದು ‘ಎಲ್ಲಿದ್ದೀರಿ?’ ಎಂದು ಕೇಳುತ್ತದೆ. ಸಾಮಾನ್ಯವಾಗಿ ಪೊಲೀಸರು ಕೇಳುವ ಪ್ರಶ್ನೆ ಇದು. ಕೋರಮಂಗಲದಲ್ಲಿ ಕೂತವನಿಗೆ ಉತ್ತರ ಸಲೀಸು: ಇಷ್ಟನೇ ಬ್ಲಾಕ್, ಇಷ್ಟನೇ ಕ್ರಾಸ್, ಲಿಫ್ಟ್ ಇಳಿದರೆ ಎಡಕ್ಕೆ. ತೆಲಂಗಾಣದ ನಾರಾಯಣಪೇಟ ಜಿಲ್ಲೆಯ ಕೃಷ್ಣಾ ಮಂಡಲದವನು ಏನು ಹೇಳಬೇಕು? ‘ಕೃಷ್ಣಾ’ ಎಂದು ಟೈಪ್ ಮಾಡಿದರೆ ನಕ್ಷೆ ಅವನನ್ನು ಎತ್ತಿ ಆಂಧ್ರದ ಕೃಷ್ಣಾ ಜಿಲ್ಲೆಯಲ್ಲಿ, ಮಚಲೀಪಟ್ಟಣದ ಸಮುದ್ರದ ದಂಡೆಗೆ ಇಳಿಸಿದರೂ ಆಶ್ಚರ್ಯವಿಲ್ಲ. ಅದೇ ಮಂಡಲದ ಹಿಂದೂಪುರದವನು ತನ್ನ ಊರಿನ ಹೆಸರು ಹೇಳಿದರೆ ಅನಂತಪುರದ ಕಡೆಯ ದೊಡ್ಡ ಹಿಂದೂಪುರ ಎದ್ದು ನಿಂತು ‘ಏನು ಬೇಕು?’ ಎನ್ನುತ್ತದೆ. ಪಾಪ, ಅವನಿಗೆ ಬೇಕಾದದ್ದು ನಾಲ್ಕು ರೊಟ್ಟಿ.

ಆದರೂ ಇಲ್ಲಿಗೊಂದು ಆ್ಯಪ್ ಬರಲೇಬೇಕಂತೆ. ಹಾಗೆನ್ನುವ ನಮ್ಮ ಸಂಸ್ಥಾಪಕ ಕಲ್ಪಿತ ವ್ಯಕ್ತಿ, ಅವನಂಥವರು ಕಲ್ಪಿತರಲ್ಲ. ಬೆಂಗಳೂರಿನಲ್ಲಿ ಇನ್ನು ಜಾಗವಿಲ್ಲ ಎಂಬುದು ಅವನ ಮೊದಲ ಸ್ಲೈಡ್. ನಿಜವೇ. ಹೋಟೆಲುಗಳ ಮೆನು ಕಾರ್ಡುಗಳನ್ನು ಜಾಲತಾಣಕ್ಕೆ ಏರಿಸುತ್ತ 2008ರಲ್ಲಿ ‘ಫುಡಿಬೇ’ ಎಂಬ ಹೆಸರಿನಲ್ಲಿ ಹುಟ್ಟಿದ್ದು ಇವತ್ತಿನ ಝೊಮ್ಯಾಟೊ. ಸ್ವಿಗ್ಗಿ 2014ರಲ್ಲಿ ಬೆಂಗಳೂರಿನಲ್ಲೇ ಬೈಕು ಹತ್ತಿತು. ಇಬ್ಬರೂ ಷೇರು ಮಾರುಕಟ್ಟೆ ಸೇರಿ ಕೂತಾಯಿತು. ಉಳಿದ ಹುಡುಗರೆಲ್ಲ ಈಗ ನಕ್ಷೆಯ ಅಂಚಿನಲ್ಲಿ ಊರು ಹುಡುಕುತ್ತಿದ್ದಾರೆ. ಅಂಚು ಎಂದರೆ ನಾವೇ: ನಾರಾಯಣಪೇಟ, ಮಕ್ತಲ್, ಗದ್ವಾಲ. ಎರಡನೆಯ ಸ್ಲೈಡಿನಲ್ಲಿ ನಮ್ಮನ್ನು ‘ಇನ್ನೂ ಯಾರೂ ಮುಟ್ಟದ ಮಾರುಕಟ್ಟೆ’ ಎಂದು ಬರೆದಿದ್ದಾನೆ. ಮದುವೆ ಮಾತುಕತೆಗೆ ಬಂದವರ ಧಾಟಿ ಇದು, ಆದರೂ ಇರಲಿ.

ವಿನ್ಯಾಸ ಶುರುವಾಗುವುದು ಗ್ರಾಹಕರ ಚಿತ್ರ ಬರೆಯುವುದರಿಂದ. ‘ಪ್ರಿಯಾ, 26, ಐಟಿ ಉದ್ಯೋಗಿ, ಅಡುಗೆಗೆ ಸಮಯವಿಲ್ಲ’ ಎಂದು ಗೋಡೆಗೆ ಅಂಟಿಸುತ್ತಾರೆ. ಗದ್ವಾಲದಲ್ಲಿ ಸಮಯವಿಲ್ಲದವರು ಯಾರೆಂದು ಯಾರಾದರೂ ಹೋಗಿ ನೋಡಿದ್ದರೆ ಕುಣಿ ಮಗ್ಗದೊಳಗೆ ಕಾಲಿಳಿಬಿಟ್ಟು ಕೂತ ನೇಕಾರ ಸಿಗುತ್ತಿದ್ದ. ಅವನ ಕಾಲು ಹಲಗೆಯ ಮೇಲೆ, ಕೈ ಲಾಳಿಯ ಮೇಲೆ. ಸ್ವೈಪ್ ಮಾಡಲು ಉಳಿದಿರುವುದು ಮೂಗು. ಹಾಗೆಯೇ ಕೃಷ್ಣಾ ತುಂಗಭದ್ರೆಗಳ ನಡುವಿನ ನಡಿಗಡ್ಡೆಯ ಹತ್ತಿಬೀಜದ ಹೊಲಗಳಲ್ಲಿ ಹೂವಿಗೆ ಹೂವು ತಾಗಿಸುತ್ತ ಹೊತ್ತು ಮುಳುಗಿಸುವ ಕೂಲಿ ಹೆಣ್ಣುಮಕ್ಕಳು. ಅವರ ಬೆರಳಿನ ಹಳದಿ ಪುಡಿಗೆ ಟಚ್ ಸ್ಕ್ರೀನ್ ಓಗೊಡುವುದಿಲ್ಲ. ಇವರಿಬ್ಬರೂ ಗೋಡೆಯ ಮೇಲಿಲ್ಲ. ಸಂಸ್ಥಾಪಕನ ಪ್ರಕಾರ ಅವರು ‘ಎರಡನೇ ಹಂತ’. ಎರಡನೇ ಹಂತ ಎಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮುನಿರಾಬಾದ್–ಮಹಬೂಬನಗರ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1997–98ರಲ್ಲಿ. ಅದರಲ್ಲಿ ಮಕ್ತಲ್ ಮೇಲೆ ಹಾಯುವ ಜಕ್ಲೇರ್–ಕೃಷ್ಣಾ ತುಂಡು ಬರೀ 37 ಕಿಲೋಮೀಟರು. ಅದು ಉದ್ಘಾಟನೆಯಾದದ್ದು 2023ರ ಅಕ್ಟೋಬರ್ 1ಕ್ಕೆ. ಅಷ್ಟು ಕಾದವರ ಮುಂದೆ ಬಂದು ‘30 ನಿಮಿಷದಲ್ಲಿ ಬಿರಿಯಾನಿ’ ಎಂದರೆ ನಗು ಬರುವುದು ಸಹಜ.

ಭಾಷೆಯ ವಿಷಯಕ್ಕೆ ಬರೋಣ. ಆ್ಯಪ್ ಮೊದಲು ರಾಜ್ಯ ಕೇಳುತ್ತದೆ, ಆಮೇಲೆ ಭಾಷೆಯನ್ನು ತಾನೇ ಆರಿಸಿಕೊಳ್ಳುತ್ತದೆ. ತೆಲಂಗಾಣ ಎಂದರೆ ತೆಲುಗು, ಇಲ್ಲವೆಂದರೆ ಇಂಗ್ಲಿಷ್. ಗದ್ವಾಲ ಮತ್ತು ಆಲಂಪುರ ತಾಲೂಕುಗಳು 1956ರ ಅಕ್ಟೋಬರ್ ಮುಗಿಯುವವರೆಗೂ ರಾಯಚೂರು ಜಿಲ್ಲೆಯವು ಎಂಬುದು ಆ ತಂತ್ರಾಂಶಕ್ಕೆ ಹೇಗೆ ಗೊತ್ತಾಗಬೇಕು? ನವೆಂಬರ್ 1ರಂದು ಗಡಿ ಸರಿಯಿತು. ರೊಟ್ಟಿ, ಪುಂಡಿ ಪಲ್ಲೆ, ಮನೆಮಾತು ಸರಿಯಲಿಲ್ಲ. ತಮಾಷೆ ಕೇಳಿ. ಜನ ದಿನಾ ಬೈಯುವ ಸರ್ಕಾರ, ತೆಲಂಗಾಣದ್ದೇ ಸರ್ಕಾರ, ಹತ್ತನೇ ತರಗತಿಯ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲೂ ನಡೆಸಿಕೊಂಡು ಬಂದಿದೆ. ಬೀಜಗಣಿತವನ್ನು ಕನ್ನಡದಲ್ಲಿ ಕೇಳಲು ಸಾಧ್ಯ, ಬದನೆಕಾಯಿ ಪಲ್ಯವನ್ನು ಕನ್ನಡದಲ್ಲಿ ಕೇಳಲು ಸಾಧ್ಯವಿಲ್ಲ. ಕೃಷ್ಣಾ ಮಂಡಲದ ಹುಡುಗಿ ಕನ್ನಡದಲ್ಲಿ ಪರೀಕ್ಷೆ ಬರೆದು ಪಾಸಾಗಿ, ಇಂಗ್ಲಿಷಿನ ಮೆನು ಓದಲಾರದೆ ಉಪವಾಸ ಮಲಗುವುದಕ್ಕೆ ‘ಬಳಕೆದಾರಸ್ನೇಹಿ’ ಎನ್ನುತ್ತಾರೆ.

‘ಬೇಡಿಕೆ ಇದ್ದರೆ ಕನ್ನಡ ಸೇರಿಸೋಣ’ ಎನ್ನುತ್ತಾನೆ ಸಂಸ್ಥಾಪಕ. ಬೇಡಿಕೆ ಸಲ್ಲಿಸುವ ಪುಟ ಇಂಗ್ಲಿಷಿನಲ್ಲಿದೆ.

ಇನ್ನು ದೂರ. ಕಂಪ್ಯೂಟರಿಗೆ ದೂರ ಎಂದರೆ ಕಾಗೆ ಹಾರುವ ದಾರಿ. ಮಕ್ತಲ್ ಮಂಡಲದ ಪಂಚದೇವ ಪಹಾಡದಿಂದ ಶ್ರೀಪಾದ ಶ್ರೀವಲ್ಲಭರ ಕುರುವಪುರ ದ್ವೀಪ ಕಣ್ಣಿಗೆ ಕಾಣುತ್ತದೆ. ನಡುವೆ ಕೃಷ್ಣೆ ಇದ್ದಾಳೆ, ಅಷ್ಟೇ. ಭಕ್ತರು ದೋಣಿಯಲ್ಲಿ ದಾಟುತ್ತಾರೆ. ಪರದೆಯ ಮೇಲೆ ಸವಾರ ನೇರ ಗೆರೆ ಎಳೆದುಕೊಂಡು ನೀರಿನ ಮೇಲೆ ನಡೆದು ಬರುತ್ತಾನೆ. ದತ್ತ ಕ್ಷೇತ್ರದಲ್ಲಿ ಇಂಥ ಪವಾಡಕ್ಕೆ ಕೊರತೆಯಿಲ್ಲ, ಆದರೂ ಗಿಗ್ ಕಾರ್ಮಿಕನಿಂದ ಅದನ್ನು ನಿರೀಕ್ಷಿಸುವುದು ಅತಿಯಾಯಿತು. ಅಲ್ಲದೆ ದ್ವೀಪ ರಾಯಚೂರು ತಾಲೂಕಿನದು, ದಂಡೆ ತೆಲಂಗಾಣದ್ದು. ಪ್ರವಾಹ ಬಂದು ದೋಣಿ ನಿಂತರೆ ಆ್ಯಪ್ ‘ನಿಮ್ಮ ಊಟ ಹತ್ತಿರದಲ್ಲೇ ಇದೆ’ ಎನ್ನುತ್ತದೆ. ಸುಳ್ಳಲ್ಲ. ಹತ್ತಿರದಲ್ಲೇ ಇದೆ.

ಹೋಟೆಲುಗಳನ್ನು ‘ಸೇರಿಸಿಕೊಳ್ಳುವ’ ಕೆಲಸ ಇದಕ್ಕಿಂತ ಚೆಂದ. ಈ ಊರುಗಳಲ್ಲಿ ಸಂಜೆಯಾದರೆ ರಸ್ತೆಬದಿಯಲ್ಲಿ ಒಲೆ ಹೂಡಿ ಜೋಳದ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳಿದ್ದಾರೆ. ಕರ್ರಿ ಪಾಯಿಂಟುಗಳಿವೆ: ಅನ್ನ ಮನೆಯಲ್ಲಿ ಮಾಡಿಕೊಳ್ಳಿ, ಸಾರು ಪಲ್ಯ ಪ್ಯಾಕೆಟಿನಲ್ಲಿ ಒಯ್ಯಿರಿ ಎನ್ನುವ ತೆಲುಗರ ಮಹಾ ಆವಿಷ್ಕಾರ. ಮಿರ್ಚಿ ಬಂಡಿಗಳಿವೆ. ಜುರಾಲಾ ಅಣೆಕಟ್ಟಿನ ಬಳಿ ಮೀನು ಹುರಿದು ಕೊಡುವ ಅಂಗಡಿಗಳಿವೆ. ಅಲ್ಲಿ ಜನ ಮೀನು ಇದ್ದಲ್ಲಿಗೇ ಹೋಗುತ್ತಾರೆ, ಮೀನು ಜನರಿದ್ದಲ್ಲಿಗೆ ಬರುವುದಿಲ್ಲ. ಎಣ್ಣೆಯಿಂದ ಎದ್ದ ಮೀನು ಡಬ್ಬಿಯೊಳಗೆ ಬೆವೆತು, ಗದ್ವಾಲದ ಮನೆ ತಲುಪುವಷ್ಟರಲ್ಲಿ ಮತ್ತೆ ನೀರಿನಲ್ಲಿ ಇದ್ದಂತೆಯೇ ಇರುತ್ತದೆ ಎಂಬ ಜ್ಞಾನ ಎಲ್ಲರಿಗೂ ಇದೆ.

ರೊಟ್ಟಿ ಮಾಡುವ ಅಕ್ಕನ ಬಳಿ ನಮ್ಮ ಸಂಸ್ಥಾಪಕ ಟ್ಯಾಬ್ ಹಿಡಿದು ಕುಕ್ಕರುಗಾಲಲ್ಲಿ ಕೂತ.

‘ಅಕ್ಕಾ, ಫುಡ್ ಲೈಸೆನ್ಸ್ ಇದೆಯಾ? ಪ್ಯಾನ್ ಕಾರ್ಡ್? ರೊಟ್ಟಿ ಫೋಟೋ?’

‘ಫೋಟೋ ಯಾಕೋ ತಮ್ಮಾ, ರೊಟ್ಟಿನೇ ಅದ ನೋಡು.’

ಆಮೇಲೆ ಅವನು ಬಿಲ್ಲು ತೋರಿಸಿದ. ಈ ಬಿಲ್ಲನ್ನು ತುಸು ನಿಧಾನವಾಗಿ ನೋಡಬೇಕು. ಇಡೀ ವ್ಯವಹಾರದ ಆತ್ಮ ಇರುವುದು ಇದರಲ್ಲಿ. ರೊಟ್ಟಿಯ ಬೆಲೆ, ಕಮಿಷನ್, ಶುಲ್ಕಗಳನ್ನು ಉದಾಹರಣೆಗೆ ಹಿಡಿದಿದ್ದೇನೆ, ತೆರಿಗೆಯ ದರ ಮಾತ್ರ ಸರ್ಕಾರದ್ದು. ಹತ್ತು ರೂಪಾಯಿಯ ಹತ್ತು ರೊಟ್ಟಿ, ನೂರು ರೂಪಾಯಿ. ಅಕ್ಕನಿಗೆ ಜಿಎಸ್‌ಟಿ ಸಂಖ್ಯೆ ಇಲ್ಲ, ಬೇಕಾಗುವಷ್ಟು ವಹಿವಾಟೂ ಇಲ್ಲ. ಆದರೆ 2022ರ ಜನವರಿ 1ರಿಂದ ಆ್ಯಪ್ ಮೂಲಕ ಮಾರುವ ಹೋಟೆಲ್ ಊಟದ ತೆರಿಗೆಯನ್ನು ಆ್ಯಪೇ ಕಟ್ಟಬೇಕು, ಅಡುಗೆ ಮಾಡಿದವರು ಎಷ್ಟೇ ಸಣ್ಣವರಾಗಿರಲಿ. ಅಂದರೆ ಒಲೆಯ ಮುಂದೆ ನಿಂತು ಕೊಂಡರೆ ತೆರಿಗೆಯಿಲ್ಲದ ರೊಟ್ಟಿ, ಬೈಕು ಹತ್ತಿದ ಕ್ಷಣ ಐದು ರೂಪಾಯಿ ತೆರಿಗೆಯ ರೊಟ್ಟಿ. ತಲುಪಿಸುವ ಶುಲ್ಕ ಮೂವತ್ತು. 2025ರ ಸೆಪ್ಟೆಂಬರ್ 22ರಿಂದ ಅದಕ್ಕೂ ಶೇ. 18 ತೆರಿಗೆ, 5 ರೂಪಾಯಿ 40 ಪೈಸೆ. ಪ್ಲಾಟ್‌ಫಾರ್ಮ್ ಶುಲ್ಕ ಹತ್ತು, ಅದರ ಮೇಲಿನ ತೆರಿಗೆ 1.80. ಒಟ್ಟು 152 ರೂಪಾಯಿ 20 ಪೈಸೆ. ಇನ್ನು ಅಕ್ಕನ ಕಡೆ: ಕಮಿಷನ್ ಶೇ. 25, ಅದರ ಮೇಲೆ ತೆರಿಗೆ ನಾಲ್ಕೂವರೆ. ಅವಳ ಕೈಗೆ 70 ರೂಪಾಯಿ 50 ಪೈಸೆ. ಸರ್ಕಾರಕ್ಕೆ 16.70. ಆ್ಯಪ್‌ಗೆ 65, ಅದರಲ್ಲೇ ಸವಾರನ ಕೂಲಿ, ಅವನ ಪೆಟ್ರೋಲು, ಅವನ ಮಂಡಿನೋವು.

‘ಮೂಲಿ ತನಕ ನಡದು ಬಂದ್ರ ನೂರು ರೂಪಾಯಿ. ಮನ್ಯಾಗ ಕುಂತ್ರ ನೂರೈವತ್ತು. ನನಗ ಎಪ್ಪತ್ತು. ಇದ್ರಾಗ ಯಾರಿಗೋ ತಮ್ಮಾ ಅನುಕೂಲ?’ ಎಂದಳು ಅಕ್ಕ, ರೊಟ್ಟಿ ತಿರುವುತ್ತ.

ಸಂಸ್ಥಾಪಕ ‘ನಿಮ್ಮ ರೀಚ್ ಜಾಸ್ತಿಯಾಗುತ್ತೆ ಅಕ್ಕಾ’ ಎಂದ. ಅವಳ ರೊಟ್ಟಿ ದಿನಾ ರಾತ್ರಿ ಎಂಟೂವರೆಗೆ ಖಾಲಿಯಾಗುತ್ತದೆ.

ಪ್ಲಾಟ್‌ಫಾರ್ಮ್ ಶುಲ್ಕದ್ದೊಂದು ಪುಟ್ಟ ಚರಿತ್ರೆಯಿದೆ. 2023ರಲ್ಲಿ ಎರಡು ರೂಪಾಯಿ ಎಂದು ಬಂದಿತು, ಬಾಗಿಲ ಸಂದಿಯಲ್ಲಿ ಕಾಲಿಟ್ಟಷ್ಟೇ. ಮೊದಲು ಸ್ವಿಗ್ಗಿ, ನಾಲ್ಕು ತಿಂಗಳಿಗೆ ಝೊಮ್ಯಾಟೊ. 2024ರ ದೀಪಾವಳಿಯ ಹೊತ್ತಿಗೆ ಹತ್ತಾಗಿತ್ತು. ಪ್ಲಾಟ್‌ಫಾರ್ಮ್ ಟಿಕೆಟ್ ಎಂಬುದನ್ನು ನಾವು ಕೃಷ್ಣಾ ಸ್ಟೇಷನ್ನಿನಲ್ಲಿ ನೆಂಟರನ್ನು ಬೀಳ್ಕೊಡಲು ಕೊಂಡವರು. ಅಲ್ಲಿ ಕೊನೇಪಕ್ಷ ಒಂದು ಬೆಂಚು, ಒಂದು ಫ್ಯಾನು, ನೀರಿನ ನಲ್ಲಿ ಇರುತ್ತಿದ್ದವು.

ಗದ್ವಾಲದ ಸೀರೆಯನ್ನು ಬಲ್ಲವರಿಗೆ ಇಂಥ ಆ್ಯಪಿನ ವಿನ್ಯಾಸ ತಕ್ಷಣ ತಿಳಿಯುತ್ತದೆ. ಸೆರಗು ಮತ್ತು ಅಂಚು ರೇಷ್ಮೆ, ಒಡಲು ನೂಲು. ಆ್ಯಪಿನಲ್ಲೂ ಮುಖಪುಟವೆಲ್ಲ ರೇಷ್ಮೆ, ಬಿಲ್ಲಿನ ಪುಟ ಒರಟು ನೂಲು. ವ್ಯತ್ಯಾಸವಿಷ್ಟೇ: ಗದ್ವಾಲದ ನೇಕಾರ ಒಡಲು ಹತ್ತಿಯದೆಂದು ಹೇಳಿಯೇ ಮಾರುತ್ತಾನೆ, ಎರಡನ್ನೂ ಕೂಡಿಸಿದ ಜಾಗವನ್ನು ಬೆರಳಿಟ್ಟು ತೋರಿಸುತ್ತಾನೆ.

ಆ್ಯಪ್‌ಗಳು ಹೀಗೆ ಕೂಡಿಸಿದ ಜಾಗ ಮುಚ್ಚಿಡುವುದಕ್ಕೆ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಕಳ್ಳ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಆ ಪಟ್ಟಿಯನ್ನು ನಮ್ಮ ಸಂಸ್ಥಾಪಕನ ಕಚೇರಿಯಲ್ಲಿ ಚೌಕಟ್ಟು ಹಾಕಿ ತೂಗುಬಿಟ್ಟಿದ್ದಾರೆ. ಹೊಸದಾಗಿ ಸೇರಿದ ವಿನ್ಯಾಸಕ ಅದನ್ನು ಸಿಲಬಸ್ ಎಂದು ತಿಳಿದಿದ್ದಾನೆ. ಮೊದಲನೆಯದು ಸುಳ್ಳು ಅವಸರ: ‘ಇನ್ನು ಎರಡೇ ಪ್ಲೇಟು ಉಳಿದಿವೆ!’ ಮಕ್ತಲಿನ ಮಿರ್ಚಿ ಬಂಡಿಯವನು ಇದನ್ನು ಕೇಳಿ ನಕ್ಕುಬಿಟ್ಟ. ಅವನ ಬಂಡಿಯಲ್ಲಿ ತಟ್ಟೆ ಖಾಲಿಯಾದರೆ ‘ನಿಲ್ರೀ, ಇನ್ನೊಂದ್ ಘಾಣ ಬಿಡ್ತೀನಿ’ ಎನ್ನುತ್ತಾನೆ. ಇದ್ದದ್ದನ್ನು ಇಲ್ಲ ಎನ್ನುವ ವ್ಯಾಪಾರ ಅವನಿಗೆ ಯಾರೂ ಕಲಿಸಿಲ್ಲ. ಇನ್ನೊಂದು, ಕೇಳದೆ ಬುಟ್ಟಿಗೆ ಹಾಕುವುದು: ದಾನಕ್ಕೆ ಎರಡು ರೂಪಾಯಿ, ವಿಮೆಗೆ ಒಂದು, ಸವಾರನಿಗೆ ಭಕ್ಷೀಸು ಹತ್ತು, ಎಲ್ಲಕ್ಕೂ ಮೊದಲೇ ಟಿಕ್ ಗುರುತು. ಮತ್ತೊಂದು, ನಾಚಿಸುವುದು. ಸದಸ್ಯತ್ವ ಬೇಡ ಎನ್ನಲು ‘ಬೇಡ, ನನಗೆ ಹಣ ಉಳಿಸುವುದು ಇಷ್ಟವಿಲ್ಲ’ ಎಂಬ ಬಟನ್ನನ್ನೇ ಒತ್ತಬೇಕು. ಕಂತಿನಲ್ಲಿ ಬೆಲೆ ಏರಿಸುವುದು ಮೇಲೆ ನೋಡಿದ ರೊಟ್ಟಿಯ ಕಥೆಯೇ.

ಎಲ್ಲಕ್ಕಿಂತ ಅಪಾಯಕಾರಿ ಕಾಡುವ ಸಂದೇಶಗಳು. ನಗರದಲ್ಲಿ ಅವನ್ನು ಚೇಷ್ಟೆ ಎಂದುಕೊಳ್ಳುತ್ತಾರೆ. ನಾರಾಯಣಪೇಟದ ಕೂಡುಕುಟುಂಬದಲ್ಲಿ ರಾತ್ರಿ ಹನ್ನೊಂದಕ್ಕೆ ಗಂಡಸಿನ ಫೋನು ಮಿನುಗಿ ‘ನಿನ್ನನ್ನೇ ನೆನೆಸಿಕೊಳ್ತಾ ಇದ್ದೀನಿ, ಯಾಕೆ ಬರ್ತಿಲ್ಲ?’ ಎಂಬ ಸಂದೇಶ ಬಂದರೆ, ಅದು ಬಿರಿಯಾನಿ ಕಳಿಸಿದ್ದು ಎಂದು ಹೆಂಡತಿಯನ್ನು ನಂಬಿಸಬಲ್ಲ ಗಂಡು ಇನ್ನೂ ಹುಟ್ಟಿಲ್ಲ. ನಂಬಿದರೂ ಅವಳು ಕೇಳುವ ಎರಡನೇ ಪ್ರಶ್ನೆ ಇನ್ನೂ ಕಠಿಣ: ‘ನನ್ನ ಕೈ ಅಡಗಿ ಏನಾಗ್ಯಾದ?’

ಶುದ್ಧ ಶಾಕಾಹಾರದ ಬಟನ್ ಬಗ್ಗೆಯೂ ಒಂದು ಮಾತು. 2024ರ ಮಾರ್ಚಿನಲ್ಲಿ ಝೊಮ್ಯಾಟೊ ಶಾಕಾಹಾರಿಗಳಿಗೆ ಹಸಿರು ಅಂಗಿಯ ಪ್ರತ್ಯೇಕ ಸವಾರರನ್ನು ಘೋಷಿಸಿ, ಗದ್ದಲ ಎದ್ದು, ಮರುದಿನವೇ ಹಸಿರು ಅಂಗಿ ಕಳಚಿತು. ಖಾನಾವಳಿಯ ಬೋರ್ಡಿನ ಮೇಲೆಯೇ ಜಾತಿ ಬರೆಯುವ ನಮ್ಮ ಸೀಮೆಯ ಜನ ಇದನ್ನು ಓದಿ ಬೆರಗಾದರು. ಅಷ್ಟು ದೊಡ್ಡ ಕಂಪನಿ ನಮ್ಮಿಂದ ಕಲಿಯಲು ಇಷ್ಟು ತಡಮಾಡಿತಲ್ಲ ಎಂಬುದಕ್ಕೊಂದು ಬೆರಗು, ಒಂದೇ ದಿನಕ್ಕೆ ಸೋತಿತಲ್ಲ ಎಂಬುದಕ್ಕೆ ಇನ್ನೊಂದು.

ಸವಾರನ ಆ್ಯಪ್ ಬೇರೆಯೇ ಇದೆ. ಅದರ ಸ್ನೇಹವನ್ನು ಯಾರೂ ಪರೀಕ್ಷಿಸುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಆ್ಯಪ್‌ಗಳಿಗೆ ಮಳೆ ಗೊತ್ತು. ಮಳೆ ಬಂದರೆ ಹೆಚ್ಚಿನ ಶುಲ್ಕ. ಬಿಸಿಲು ಗೊತ್ತಿಲ್ಲ. ಮೇ ತಿಂಗಳ ಮಧ್ಯಾಹ್ನ ಒಂದಕ್ಕೆ ರಾಯಚೂರು–ಗದ್ವಾಲ ಬಯಲಿನಲ್ಲಿ 43 ಡಿಗ್ರಿಯ ಕೆಳಗೆ ಕಪ್ಪು ಚೀಲ ಬೆನ್ನಿಗೇರಿಸಿ ಬೈಕು ಓಡಿಸುವವನಿಗೆ ಆ್ಯಪ್ ತೋರಿಸುವುದು ಹೊಳೆಯುವ ಸೂರ್ಯನ ಚಿತ್ರ, ‘ಒಳ್ಳೆಯ ಹವಾಮಾನ’. ಕಾನೂನಿನ ಮಟ್ಟಿಗೆ ಅವನು ಇನ್ನೂ ಅದೃಷ್ಟವಂತ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗೆಂದು ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ ತಂದಿತು. ತೆಲಂಗಾಣವೂ ಅದೇ ವರ್ಷ ಕರಡು ಹೊರಡಿಸಿತು. ಮನೆ ಕೃಷ್ಣಾ ಮಂಡಲದಲ್ಲಿ, ಹೋಟೆಲು ಸೇತುವೆ ದಾಟಿ ಶಕ್ತಿನಗರದಲ್ಲಿ ಇರುವ ಹುಡುಗ ನದಿಯ ನಟ್ಟನಡುವೆ ಜಾರಿ ಬಿದ್ದರೆ ಯಾವ ರಾಜ್ಯದ ಕಲ್ಯಾಣ ಮಂಡಳಿಗೆ ಅರ್ಜಿ ಹಾಕಬೇಕು? ಬೀಳುವ ಮುನ್ನ ಯಾವ ದಂಡೆಯ ಕಡೆ ವಾಲಬೇಕೆಂದು ತರಬೇತಿ ಕೊಟ್ಟರೆ ಒಳ್ಳೆಯದು.

ಇಷ್ಟೆಲ್ಲ ಆದ ಮೇಲೆ ಗದ್ವಾಲದ ಒಬ್ಬ ಹೋಟೆಲ್ ಮಾಲೀಕರು ಇಡೀ ಆ್ಯಪನ್ನು ಮೇಲಿಂದ ಕೆಳಗೆ ಉಜ್ಜಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಇದ್ರಾಗ ಉದ್ರಿ ಬಟನ್ ಎಲ್ಲದ?’ ಸಂಸ್ಥಾಪಕನಿಗೆ ಅರ್ಥವಾಗಲಿಲ್ಲ. ಮಾಲೀಕರು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಎಣ್ಣೆ ಹತ್ತಿದ ಉದ್ದನೆಯ ಪುಸ್ತಕ ತೆಗೆದು ತೋರಿಸಿದರು. ಮೇಷ್ಟ್ರು ಎಂದು ಒಂದು ಹಾಳೆ, ಪಗಾರ ಆದ ಮೇಲೆ ಕೊಡುತ್ತಾರೆ. ಬೀಜದ ಕಂಪನಿ ದುಡ್ಡು ಬಂದ ಮೇಲೆ ಕೊಡುವ ರೈತರ ಹಾಳೆ ಇನ್ನೊಂದು. ಮಗ್ಗದವರದು, ಸೀರೆ ಹೋದ ಮೇಲೆ. ಅವರಿಗೆ ಐದು ನಕ್ಷತ್ರದ ರೇಟಿಂಗ್ ಬೇಕಿಲ್ಲ. ಯಾರನ್ನು ಎಷ್ಟು ನಂಬಬಹುದು ಎಂಬ ಸಂಪೂರ್ಣ ರೇಟಿಂಗ್ ಆ ಪುಸ್ತಕದಲ್ಲಿದೆ, ಕೆಲವರ ಹೆಸರಿನ ಸುತ್ತ ಕೆಂಪು ಗೆರೆಯ ಸಮೇತ. ಸಂಸ್ಥಾಪಕ ಸ್ವಲ್ಪ ಹೊತ್ತು ಯೋಚಿಸಿ ‘ಇದನ್ನು ಪೇ ಲೇಟರ್ ಅಂತ ಮಾಡಬಹುದು, ಮೂವತ್ತು ದಿನ ದಾಟಿದರೆ ಬಡ್ಡಿ ಹಾಕೋಣ’ ಎಂದ. ಮಾಲೀಕರು ಪುಸ್ತಕ ಮುಚ್ಚಿ ಒಳಗಿಟ್ಟರು. ತಮ್ಮ ಮಗನಿಗೆ ಪಾಠ ಹೇಳಿದವರು ಯಾರು ಎಂಬ ಲೆಕ್ಕವೂ ಅದರೊಳಗೆ ಇದೆಯೆಂದು ಅವರು ಹೇಳಲಿಲ್ಲ.

ಕೊನೆಗೆ ಸ್ಪರ್ಧಿಗಳ ವಿಶ್ಲೇಷಣೆ. ಹೂಡಿಕೆದಾರರು ಕೇಳುವ ಸ್ಲೈಡ್ ಅದು: ಈ ಊರುಗಳಲ್ಲಿ ಈಗ ಊಟ ತಲುಪಿಸುತ್ತಿರುವವರು ಯಾರು? ‘ಯಾರೂ ಇಲ್ಲ’ ಎಂದು ಬರೆಯುವ ಮುನ್ನ ಅವನನ್ನು ನಾರಾಯಣಪೇಟದ ಬಸ್ ಸ್ಟ್ಯಾಂಡಿಗೆ ಕರೆದೊಯ್ದು ನಿಲ್ಲಿಸಬೇಕು. ಈ ಸೀಮೆಯಲ್ಲಿ ಊಟ ಬಸ್ಸಿನಲ್ಲಿ ಹೋಗುತ್ತದೆ, ಆ್ಯಪ್ ಹುಟ್ಟುವ ಎಷ್ಟೋ ವರ್ಷ ಮೊದಲಿನಿಂದ. ರಾಯಚೂರಿನಲ್ಲಿ ರೂಮು ಮಾಡಿಕೊಂಡು ಓದುವ ಹುಡುಗನಿಗೆ ಹಳ್ಳಿಯಿಂದ ಬುತ್ತಿ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಸ್ಟೀಲ್ ಡಬ್ಬಿಯಲ್ಲಿ ಪುಂಡಿ ಪಲ್ಲೆ, ಎಲ್ಲ ಸೇರಿಸಿ ಹಳೆಯ ಪಂಚೆಯ ತುಂಡಿನಲ್ಲಿ ಬಿಗಿದ ಗಂಟು. ಗಂಟಿಗೆ ಸಿಕ್ಕಿಸಿದ ಚೀಟಿಯಲ್ಲಿ ಹುಡುಗನ ಹೆಸರು. ಚೀಟಿ ಇಲ್ಲದಿದ್ದರೂ ಬಟ್ಟೆಯ ಬಣ್ಣದಿಂದ ಗುರುತು ಹತ್ತುತ್ತದೆ. ಮರುದಿನದ ಬಸ್ಸಿಗೆ ಖಾಲಿ ಡಬ್ಬಿ ವಾಪಸು. ಪ್ಯಾಕಿಂಗ್ ಶುಲ್ಕ ಉಳಿಯಿತು, ಪ್ಲಾಸ್ಟಿಕ್ಕೂ ಉಳಿಯಿತು.

ಸಂಸ್ಥಾಪಕನ ಕಣ್ಣು ಅರಳಿತು. ಇದನ್ನೇ ಆ್ಯಪ್‌ಗೆ ಜೋಡಿಸಿದರೆ? ಡ್ರೈವರಿನ ಪಕ್ಕದ ಇಂಜಿನ್ ಬಾನೆಟ್ಟಿನ ಮೇಲೆ ಸಾಲಾಗಿ ಕೂತ ಐದಾರು ಗಂಟುಗಳ ಫೋಟೋ ಹೊಡೆದುಕೊಂಡು ಕಂಡಕ್ಟರನ ಹಿಂದೆ ಬಿದ್ದ.

‘ಸರ್, ಲೈವ್ ಟ್ರ್ಯಾಕಿಂಗ್ ಹೇಗೆ ಮಾಡ್ತೀರಿ?’

‘ಟ್ರ್ಯಾಕಿಂಗ್ ಅಂದ್ರ? ಹುಡುಗ ರಾಯಚೂರ್ ಸ್ಟ್ಯಾಂಡಿನಾಗ ನಿಂತಿರ್ತಾನ. ಬಸ್ ಕಂಡ್ರ ಬುತ್ತಿ ಬಂತು.’

‘ಬೇರೆ ಯಾರಾದರೂ ತಗೊಂಡು ಹೋದ್ರೆ? ಓಟಿಪಿ ಬೇಡವಾ?’

‘ಅವರವ್ವನ ಹೆಸರ್ ಕೇಳ್ತೀನಿ.’

‘ಮತ್ತೆ ಡೆಲಿವರಿ ಚಾರ್ಜು?’

ಕಂಡಕ್ಟರ್ ಟಿಕೆಟ್ ಮಷಿನ್ನನ್ನು ಹೆಗಲಿಗೇರಿಸಿಕೊಂಡ. ತೆಲಂಗಾಣದ ಬಸ್ಸುಗಳಲ್ಲಿ 2023ರ ಡಿಸೆಂಬರ್ 9ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ, ಅಂತರರಾಜ್ಯ ಬಸ್ಸಾದರೆ ರಾಜ್ಯದ ಗಡಿಯವರೆಗೆ.

‘ನೋಡ್ ತಮ್ಮಾ, ಬುತ್ತಿ ಕಟ್ಟಿದಾಕಿ ಹೆಣ್ಣುಮಗಳು. ಅದಕ್ಕ ಕೃಷ್ಣಾ ತನಕ ಜೀರೋ ಟಿಕೆಟ್ ಹರೀತೀನಿ. ಸೇತುವೆ ದಾಟಿದ ಮ್ಯಾಲ ನಿಂದೇನರ ಪ್ಲಾಟ್‌ಫಾರ್ಮ್ ಫೀಸ್ ಇದ್ರ, ಕೆಳಗಿಳಿದು ಆ ರೊಟ್ಟಿಗೇ ಕೇಳು. ರೈಟ್, ಹೋಗ್ಲಿ!’